ನಿಮ್ಮ ಎಂಎಲ್‌ಎ ಚರಿತ್ರೆ ನೀವೇ ಬರ್ಕೊಳೋದು ಹೇಗೆ

ಹೋದ ವರ್ಷ ನಮ್ಮ ಬಡಾವಣೆ ಕ್ಷೇಮಾಭಿವೃದ್ಧಿ ಸಂಘದ ಮೀಟಿಂಗಲ್ಲಿ ರಾಜಕಾಲುವೆ ವಿಷಯ ಮಾತಾಡೋಕೆ ಎಂಎಲ್‌ಎ ಕರೆಸೋಣ ಅಂತ ಆಯ್ತು, ಅದಕ್ಕೆ ಮುಂಚೆ ಅವರ ಬಗ್ಗೆ ಒಂದು ಪುಟದಷ್ಟು ಬರ್ಕೊಂಡು ಬಾಪ್ಪಾ ಅಂತ ನಂಗೆ ವಹಿಸಿದ್ರು. ನಾನು ವಾಟ್ಸಾಪಲ್ಲಿ ಓಡಾಡ್ತಿದ್ದ ಪರಿಚಯ ಪತ್ರನೇ ಸ್ವಲ್ಪ ತಿದ್ದಿ ಪ್ರಿಂಟ್ ತಗೊಂಡು ಹೋದೆ. ನಮ್ಮ ಬೀದಿಲಿ ಒಬ್ರು ರಿಟೈರ್ಡ್ ಮೇಷ್ಟ್ರಿದಾರೆ, ಕನ್ನಡಕ ಹಾಕ್ಕೊಂಡು ಪೂರ್ತಿ ಓದಿ ಮೂರೇ ಪ್ರಶ್ನೆ ಕೇಳಿದ್ರು. "ಸತತ ಅಂತ ಬರ್ದಿದೀಯಲ್ಲ, ಮಧ್ಯ ಒಂದ್ಸಲ ಸೋತಿದ್ದು ಎಲ್ಲಿ ಹೋಯ್ತು? ಆಗ ಅವರು ಯಾವ ಪಕ್ಷ? ಆವಾಗಿನ ಕ್ಷೇತ್ರ ಈಗ ಇದೆಯಾ?" ಒಂದಕ್ಕೂ ನನ್ನ ಹತ್ರ ಉತ್ತರ ಇರ್ಲಿಲ್ಲ.

ಆಮೇಲೆ ಎರಡು ತಿಂಗಳು ಸಂಜೆ ಹೊತ್ತು ಕೂತು ಸರಿಯಾಗಿ ಮಾಡಿದೆ. ಹೇಗೆ ಮಾಡ್ದೆ, ಎಲ್ಲೆಲ್ಲಿ ಎಡವಿದೆ, ಯಾವ ಕಾಗದ ಎಲ್ಲಿ ಸಿಗತ್ತೆ ಅನ್ನೋದೆಲ್ಲ ಇಲ್ಲಿ ಬರೀತಿದೀನಿ. ಬೆಂಗಳೂರಿನ ಉದಾಹರಣೆನೇ ಜಾಸ್ತಿ ಕೊಡ್ತೀನಿ, ಯಾಕಂದ್ರೆ ಇಲ್ಲಿನ 28 ಕ್ಷೇತ್ರದಷ್ಟು ಗೋಜಲು ಬೇರೆ ಕಡೆ ಕಮ್ಮಿ. ಆದ್ರೆ ವಿಧಾನ ರಾಜ್ಯದ 224 ಕ್ಷೇತ್ರಕ್ಕೂ ಒಂದೇ.

ಮೊದಲು ಹಾಳೆ ರೆಡಿ ಮಾಡ್ಕೊಳಿ

ಎಕ್ಸೆಲ್ ಆದ್ರೂ ಸರಿ, ಮಕ್ಕಳ ಲಾಂಗ್ ನೋಟ್‌ಬುಕ್ ಆದ್ರೂ ಸರಿ. ವರ್ಷ, ಕ್ಷೇತ್ರ, ಪಕ್ಷ, ಬಂದ ಮತ, ಎದುರಾಳಿ ಯಾರು, ಅವರಿಗೆ ಬಂದ ಮತ, ಅಂತರ, ಒಟ್ಟು ಚಲಾವಣೆ ಆದ ಮತ, ಇಷ್ಟು ಕಾಲಂ ಎಲ್ಲರೂ ಹಾಕ್ತಾರೆ. ಕೊನೇಲಿ ಇನ್ನೊಂದು ಅಗಲವಾದ ಕಾಲಂ ಹಾಕಿ, ಅದರ ತಲೆ ಮೇಲೆ "ಯಾಕೆ" ಅಂತ ಬರೀರಿ. ಈ ಇಡೀ ಕೆಲಸದಲ್ಲಿ ನಂಗೆ ಮುಖ್ಯ ಅನ್ಸಿದ್ದು ಅದೊಂದೇ ಕಾಲಂ. ಗೆದ್ರು, ಸೋತ್ರು ಅನ್ನೋದು ಯಾರು ಬೇಕಾದ್ರೂ ಎರಡು ನಿಮಿಷದಲ್ಲಿ ಹುಡುಕ್ತಾರೆ, ಆದ್ರೆ ಕ್ಷೇತ್ರ ಯಾಕೆ ಬದಲಾಯ್ತು, ಪಕ್ಷ ಯಾಕೆ ಬೇರೆ ಇದೆ, ಐದು ವರ್ಷದ ಮಧ್ಯದಲ್ಲಿ ಇನ್ನೊಂದು ಎಲೆಕ್ಷನ್ ಯಾಕೆ ಬಂತು ಅನ್ನೋದು ಬರೀದೇ ಹೋದ್ರೆ ಆ ಪಟ್ಟಿ ಓದಿದವರಿಗೆ ತಪ್ಪು ಚಿತ್ರಾನೇ ಸಿಗತ್ತೆ. ಒಳ್ಳೇವ್ರು ಕೆಟ್ಟವರ ಥರ ಕಾಣ್ತಾರೆ, ಪಕ್ಷ ಹಾರ್ದವರು ನಿಷ್ಠಾವಂತರ ಥರ ಕಾಣ್ತಾರೆ.

ಉದಾಹರಣೆಗೆ ವಿ. ಸೋಮಣ್ಣ ಅವರ ದಾಖಲೆ ತಗೊಳಿ, ಅಭ್ಯಾಸ ಮಾಡೋಕೆ ಇದಕ್ಕಿಂತ ಒಳ್ಳೇ ಪಾಠ ಇಲ್ಲ. 1994ರಲ್ಲಿ ಬಿನ್ನಿಪೇಟೆಯಿಂದ ಜನತಾದಳ, 1999ರಲ್ಲಿ ಅದೇ ಬಿನ್ನಿಪೇಟೆಯಿಂದ ಪಕ್ಷೇತರ, 2004ರಲ್ಲಿ ಅಲ್ಲಿಂದಾನೇ ಕಾಂಗ್ರೆಸ್, ಮೂರೂ ಸಲ ಗೆಲುವು. 2008ರಲ್ಲಿ ಗೋವಿಂದರಾಜನಗರದಿಂದ ಕಾಂಗ್ರೆಸ್ ಟಿಕೆಟಲ್ಲಿ ಗೆದ್ರು, ಆಮೇಲೆ ರಾಜೀನಾಮೆ ಕೊಟ್ಟು ಬಿಜೆಪಿಗೆ ಹೋಗಿ 2009ರ ಬೈಎಲೆಕ್ಷನಲ್ಲಿ ಪ್ರಿಯಕೃಷ್ಣ ಅವರ ಎದುರು ಸೋತ್ರು. ನಂತರ ವಿಧಾನ ಪರಿಷತ್ತು. 2013ರಲ್ಲಿ ವಿಜಯನಗರದಲ್ಲಿ ಎಂ. ಕೃಷ್ಣಪ್ಪ ಎದುರು ಸೋಲು, 2018ರಲ್ಲಿ ಮತ್ತೆ ಗೋವಿಂದರಾಜನಗರ ಗೆಲುವು, 2023ರಲ್ಲಿ ಪಕ್ಷ ಅವರನ್ನ ವರುಣಾ ಮತ್ತು ಚಾಮರಾಜನಗರ ಎರಡೂ ಕಡೆ ನಿಲ್ಲಿಸ್ತು, ಎರಡೂ ಕಡೆ ಸೋತ್ರು, 2024ರಲ್ಲಿ ತುಮಕೂರಿಂದ ಲೋಕಸಭೆಗೆ ಗೆದ್ದು ಕೇಂದ್ರದಲ್ಲಿ ರಾಜ್ಯ ಸಚಿವರಾದ್ರು. ಈಗ ಇದನ್ನ ಬರೀ "ಗೆಲುವು, ಸೋಲು" ಅಂತ ಬರೆದ್ರೆ ಏನೂ ಅರ್ಥ ಆಗಲ್ಲ. ಬಿನ್ನಿಪೇಟೆ ಬಿಟ್ಟಿದ್ದು ಯಾಕೆ? ಅವರು ಬಿಟ್ಟಿದ್ದಲ್ಲ, ಆ ಕ್ಷೇತ್ರಾನೇ 2008ಕ್ಕೆ ಇಲ್ಲದಂಗಾಯ್ತು. 2023ರ ಎರಡು ಸೋಲು ಯಾಕೆ? ಒಂದು ಕಡೆ ಎದುರಿಗಿದ್ದಿದ್ದು ಸಿದ್ದರಾಮಯ್ಯ, ಅದೂ ಸ್ವಂತ ಊರಿರೋ ಕ್ಷೇತ್ರದಲ್ಲಿ. ಇಂಥವೆಲ್ಲ "ಯಾಕೆ" ಕಾಲಂಗೆ ಹೋಗ್ಬೇಕು.

ಕ್ಷೇತ್ರ ಹುಟ್ಟೋದು, ಸಾಯೋದು

ಬೆಂಗಳೂರಲ್ಲಿ ತುಂಬಾ ಜನ ಎಡವೋದು ಇಲ್ಲೇ, ನಾನೂ ಎಡವಿದೆ. 2008ರ ಎಲೆಕ್ಷನ್ ಹೊಸ ಕ್ಷೇತ್ರ ಮರುವಿಂಗಡಣೆ ಪ್ರಕಾರ ನಡೀತು, 2001ರ ಜನಗಣತಿ ಲೆಕ್ಕ ಇಟ್ಕೊಂಡು ಗಡಿ ಹಾಕಿದ್ರು. ಬಿನ್ನಿಪೇಟೆ, ಉತ್ತರಹಳ್ಳಿ, ಜಯಮಹಲ್, ಭಾರತೀನಗರ, ವರ್ತೂರು ಅನ್ನೋ ಹೆಸರುಗಳು ಪಟ್ಟಿಯಿಂದಾನೇ ಹೋದ್ವು. ಬಿಟಿಎಂ ಲೇಔಟ್, ಪದ್ಮನಾಭನಗರ, ಗೋವಿಂದರಾಜನಗರ, ಬ್ಯಾಟರಾಯನಪುರ, ಮಹದೇವಪುರ, ಬೊಮ್ಮನಹಳ್ಳಿ, ದಾಸರಹಳ್ಳಿ ಇವೆಲ್ಲ ಬಂದ್ವು. ಹೆಸರು ಉಳಿದ ಕ್ಷೇತ್ರದಲ್ಲೂ ಒಳಗಿನ ಏರಿಯಾ ಬದಲಾಗಿದೆ. ಹಂಗಾಗಿ 2004ರ ಜಯನಗರಕ್ಕೂ 2008ರ ಜಯನಗರಕ್ಕೂ ಮತ ಹೋಲಿಸಿ "ಇಷ್ಟು ಪರ್ಸೆಂಟ್ ಕಳ್ಕೊಂಡ್ರು" ಅಂತ ಬರೀಬೇಡಿ, ಅದು ಬೇರೆ ಊರು ಬೇರೆ ಊರು ಹೋಲಿಸಿದಂಗೆ.

ರಾಮಲಿಂಗಾ ರೆಡ್ಡಿ 1989ರಿಂದ 2004ರವರೆಗೆ ನಾಲ್ಕು ಸಲ ಜಯನಗರದಿಂದ, 2008ರಿಂದ 2023ರವರೆಗೆ ನಾಲ್ಕು ಸಲ ಬಿಟಿಎಂ ಲೇಔಟಿಂದ ಗೆದ್ದಿದಾರೆ. ಒಟ್ಟು ಎಂಟು. ಆರ್. ಅಶೋಕ ಅವರದ್ದು ಮೊದಲು ಉತ್ತರಹಳ್ಳಿ, ಆಮೇಲೆ ಪದ್ಮನಾಭನಗರ. ಇದನ್ನ ನೋಡಿ "ಕ್ಷೇತ್ರ ಬಿಟ್ಟು ಓಡಿದ್ರು" ಅಂತ ಯಾರಾದ್ರೂ ಬರೆದ್ರೆ ಅದು ತಪ್ಪು, ಮರುವಿಂಗಡಣೆ ಆದಾಗ ಎಲ್ಲರೂ ಒಂದು ಕಡೆ ಆರಿಸ್ಕೊಳ್ಳಲೇ ಬೇಕಿತ್ತು. ಅದೇ ಥರ ಮೀಸಲಾತಿ ಕೂಡ ನೋಡಿ. ಈಗ ಪುಲಕೇಶಿನಗರ, ಸಿ.ವಿ. ರಾಮನ್ ನಗರ, ಮಹದೇವಪುರ, ಆನೇಕಲ್ ಪರಿಶಿಷ್ಟ ಜಾತಿಗೆ ಮೀಸಲು. ಯಲಹಂಕ 2008ಕ್ಕೆ ಮುಂಚೆ ಮೀಸಲಾಗಿತ್ತು, ಈಗ ಸಾಮಾನ್ಯ. ಮೀಸಲು ಬದಲಾದಾಗ ಗೆದ್ದಿದ್ದ ಶಾಸಕರೇ ಬೇರೆ ಕಡೆ ಜಾಗ ನೋಡ್ಕೋಬೇಕಾಗತ್ತೆ, ಅದೂ "ಯಾಕೆ" ಕಾಲಂಗೆ ಸೇರೋ ವಿಷಯ.

ಇನ್ನೂ ಹಿಂದಕ್ಕೆ ಹೋಗೋರಿಗೆ ಒಂದು ಮಾತು. ನಾನು 1972ರ ಫಲಿತಾಂಶ ಹುಡುಕಿ ಹುಡುಕಿ ಸಾಕಾಗಿ ಕೂತಿದ್ದಾಗ ಆ ಮೇಷ್ಟ್ರೇ ಹೇಳಿದ್ದು, "ಕರ್ನಾಟಕ ಅಂತ ಹುಡುಕಿದ್ರೆ ಎಲ್ಲಿ ಸಿಗತ್ತಪ್ಪ, ಮೈಸೂರು ಅಂತ ಹುಡುಕು" ಅಂತ. ಸರಿ ತಾನೇ, ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದಿದ್ದೇ 1973ರ ನವೆಂಬರ್ 1ಕ್ಕೆ. ಚುನಾವಣಾ ಆಯೋಗದ ಹಳೇ ಅಂಕಿಅಂಶ ವರದಿಗಳು ಮೊದಲನೇ ಚುನಾವಣೆಯಿಂದಾನೂ ಪಿಡಿಎಫಲ್ಲಿ ಆಯೋಗದ ವೆಬ್‌ಸೈಟಲ್ಲಿವೆ, 1972ರವರೆಗಿನವು ಮೈಸೂರು ಹೆಸರಲ್ಲಿ, 1978ರಿಂದ ಕರ್ನಾಟಕದ ಹೆಸರಲ್ಲಿ.

ಅಂಕಿ ಎಲ್ಲಿಂದ ತಗೋಬೇಕು

ವಿಕಿಪೀಡಿಯ ನೋಡ್ಬೇಡಿ ಅಂತ ನಾನು ಹೇಳಲ್ಲ, ಅದು ದಾರಿ ತೋರಿಸತ್ತೆ, ಆದ್ರೆ ಅಂಕಿ ಮಾತ್ರ ಚುನಾವಣಾ ಆಯೋಗದ ವರದಿಯಿಂದ ತಗೊಳಿ. ಪ್ರತಿ ವಿಧಾನಸಭಾ ಚುನಾವಣೆಗೂ ಒಂದು ವರದಿ ಇರತ್ತೆ, ಅದರಲ್ಲಿ ಕ್ಷೇತ್ರವಾರು ಅಭ್ಯರ್ಥಿ, ಪಕ್ಷ, ಮತ ಎಲ್ಲಾ ಇರತ್ತೆ. ಬೆಂಗಳೂರಿನ ಕ್ಷೇತ್ರಗಳು ಈಗಿನ ಕ್ರಮಸಂಖ್ಯೆಲಿ 150 ಯಲಹಂಕದಿಂದ 177 ಆನೇಕಲ್‌ವರೆಗೆ. ಹೆಸರಿಂದ ಹುಡುಕೋದಕ್ಕಿಂತ ನಂಬರಿಂದ ಹುಡುಕೋದು ಸಲೀಸು, ಯಾಕಂದ್ರೆ ಇಂಗ್ಲಿಷ್ ಸ್ಪೆಲ್ಲಿಂಗ್ ಒಂದೊಂದು ವರದಿಲಿ ಒಂದೊಂದು ಥರ ಇರತ್ತೆ. ಅಭ್ಯರ್ಥಿಗಳ ಹೆಸರೂ ಅಷ್ಟೇ, ಒಂದ್ಕಡೆ ಇನಿಷಿಯಲ್ ಮುಂದೆ, ಒಂದ್ಕಡೆ ಹಿಂದೆ, ಒಂದ್ಕಡೆ ಗೌಡ ಸೇರಿರತ್ತೆ, ಒಂದ್ಕಡೆ ಇರಲ್ಲ. ಅದೇ ಹೆಸರಿನ ಬೇರೆ ಪಕ್ಷೇತರರೂ ನಿಂತಿರ್ತಾರೆ, ಹಂಗಾಗಿ ತಂದೆ ಹೆಸರು ಮತ್ತೆ ವಯಸ್ಸು ನಾಮಪತ್ರದ ಜೊತೆ ಕೊಟ್ಟಿರೋ ಅಫಿಡವಿಟ್ ಜೊತೆ ತಾಳೆ ನೋಡಿ.

ಅಶೋಕ ವಿಶ್ವವಿದ್ಯಾಲಯದ ತ್ರಿವೇದಿ ಕೇಂದ್ರದವರು ಲೋಕ್ ಢಾಬಾ ಅಂತ ಒಂದು ಡೇಟಾ ಸೈಟ್ ಮಾಡಿದಾರೆ, ಹಳೇ ಫಲಿತಾಂಶ ಎಲ್ಲಾ ಎಕ್ಸೆಲಲ್ಲಿ ಓಪನ್ ಆಗೋ ಥರ ಡೌನ್‌ಲೋಡ್ ಮಾಡ್ಕೋಬೋದು, ತುಂಬಾ ಸಮಯ ಉಳಿಯತ್ತೆ.

ಬೂತ್ ಮಟ್ಟದ ಲೆಕ್ಕ ಬೇಕು ಅಂದ್ರೆ ಫಾರಂ 20 ಅಂತ ಕೇಳಿ, ಪ್ರತಿ ಮತಗಟ್ಟೆಲಿ ಯಾರಿಗೆ ಎಷ್ಟು ಬಿತ್ತು ಅನ್ನೋ ಅಂತಿಮ ಪಟ್ಟಿ ಅದು, ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ವೆಬ್‌ಸೈಟಲ್ಲಿ ಸ್ಕ್ಯಾನ್ ಮಾಡಿ ಹಾಕಿರ್ತಾರೆ. ಇಲ್ಲೊಂದು ಎಚ್ಚರಿಕೆ, ಬೂತ್ ನಂಬರ್ ಎಲೆಕ್ಷನಿಂದ ಎಲೆಕ್ಷನ್‌ಗೆ ಬದಲಾಗತ್ತೆ. ಹೋದ ಸಲದ 45ನೇ ಬೂತೇ ಈ ಸಲದ 45 ಅಂತ ಅನ್ಕೊಂಡು ಹೋಲಿಸಿದ್ರೆ ಲೆಕ್ಕ ಪೂರ್ತಿ ಹಾಳು. ಶಾಲೆ ಹೆಸರು, ಕೊಠಡಿ, ಯಾವ್ಯಾವ ಬೀದಿ ಅದಕ್ಕೆ ಸೇರತ್ತೆ ಅಂತ ಮತದಾರರ ಪಟ್ಟಿಲಿ ನೋಡಿ ಜೋಡಿಸ್ಬೇಕು. ಕೆಲಸ ಜಾಸ್ತಿ, ಆದ್ರೆ ನಿಮ್ಮ ಬೀದಿ ಯಾವ ಕಡೆ ವಾಲ್ತು ಅಂತ ನಿಜವಾಗ್ಲೂ ಗೊತ್ತಾಗೋದು ಇದರಿಂದ ಮಾತ್ರ.

ಅಂತರ ಓದೋದನ್ನ ಕಲೀರಿ

ಜಯನಗರ ನನ್ನ ಪ್ರಕಾರ ರಾಜ್ಯದಲ್ಲೇ ಅತ್ಯಂತ ಒಳ್ಳೇ ಪಾಠ. 2018ರ ಮೇ 12ಕ್ಕೆ ರಾಜ್ಯದಲ್ಲಿ ವೋಟಿಂಗ್ ನಡೆದಾಗ ಅಲ್ಲಿ ನಡೀಲೇ ಇಲ್ಲ, ಯಾಕಂದ್ರೆ ಬಿಜೆಪಿ ಅಭ್ಯರ್ಥಿ, ಆಗಿನ ಶಾಸಕರೂ ಆಗಿದ್ದ ಬಿ.ಎನ್. ವಿಜಯಕುಮಾರ್ ಪ್ರಚಾರದ ಸಮಯದಲ್ಲೇ ತೀರಿಕೊಂಡ್ರು. ಜೂನ್ 11ಕ್ಕೆ ಮತದಾನ ಆಯ್ತು. ಅಷ್ಟೊತ್ತಿಗೆ ಕಾಂಗ್ರೆಸ್ ಜೆಡಿಎಸ್ ಸೇರಿ ಸರ್ಕಾರ ಮಾಡಿದ್ವು, ಜೆಡಿಎಸ್ ತನ್ನ ಅಭ್ಯರ್ಥಿನ ಕಣದಿಂದ ಹಿಂದಕ್ಕೆ ತಗೊಂಡು ಕಾಂಗ್ರೆಸ್ಸಿಗೆ ಬೆಂಬಲ ಕೊಡ್ತು. ಸೌಮ್ಯಾ ರೆಡ್ಡಿ 54,457, ಬಿಜೆಪಿಯ ಪ್ರಹ್ಲಾದ್ ಬಾಬು 51,568, ಅಂತರ 2,889.

2023ರಲ್ಲಿ ಅದೇ ಸೌಮ್ಯಾ ರೆಡ್ಡಿಗೆ 57,781 ಬಂತು. ಅಂದ್ರೆ ಗೆದ್ದಾಗ ಬಂದಿದ್ದಕ್ಕಿಂತ 3,324 ಜಾಸ್ತಿ. ಆದ್ರೂ ಸೋತ್ರು, ಬಿಜೆಪಿಯ ಸಿ.ಕೆ. ರಾಮಮೂರ್ತಿ 57,797 ತಗೊಂಡು 16 ಮತದಲ್ಲಿ ಗೆದ್ರು. ಮೇ 13ಕ್ಕೆ ಎಸ್‌ಎಸ್‌ಎಂಆರ್‌ವಿ ಕಾಲೇಜಲ್ಲಿ ಎಣಿಕೆ, ರಾಜ್ಯದ ಫಲಿತಾಂಶ ಎಲ್ಲಾ ಮಧ್ಯಾಹ್ನಕ್ಕೇ ಗೊತ್ತಾಗಿದ್ರೂ ಇಲ್ಲಿ ಅಂಚೆ ಮತಗಳ ವಿಷಯಕ್ಕೆ ಜಗಳ ಆಗಿ ಮರು ಎಣಿಕೆ ಆಗಿ ರಾತ್ರಿವರೆಗೂ ಎಳೀತು. ಬರೀ "2018 ಗೆಲುವು, 2023 ಸೋಲು" ಅಂತ ಬರೆದ್ರೆ ಓದಿದವರು ಜನ ಅವರನ್ನ ಕೈಬಿಟ್ರು ಅಂತ ತಿಳ್ಕೋತಾರೆ. ಕಾಗದದಲ್ಲಿ ಇರೋದು ಬೇರೆ, ಇವರ ಮತ ಕಮ್ಮಿ ಆಗಿಲ್ಲ, ಬಿಜೆಪಿ ಮತ 6,229 ಏರಿದೆ, ಎರಡೂ ಸಲದ ಕಣಾನೂ ಒಂದೇ ಥರ ಇರ್ಲಿಲ್ಲ. ಹಿಂದಿನ ಸಲದ್ದು ಒಂದೇ ಕ್ಷೇತ್ರದ ಎಲೆಕ್ಷನ್, ಎದುರು ಪಕ್ಷದವರು ಅಭ್ಯರ್ಥಿ ಕಳ್ಕೊಂಡ ದುಃಖದಲ್ಲಿದ್ರು, ಈ ಸಲದ್ದು ಇಡೀ ರಾಜ್ಯದ ಎಲೆಕ್ಷನ್ ಜೊತೆ. ಇದನ್ನೆಲ್ಲ ನಾಲ್ಕು ಸಾಲಲ್ಲಿ ಬರೀರಿ.

ಅದೇ 2023ರಲ್ಲಿ ಗಾಂಧಿನಗರದಲ್ಲಿ ದಿನೇಶ್ ಗುಂಡೂರಾವ್ ಗೆದ್ದಿದ್ದು 105 ಮತದಲ್ಲಿ. 1999ರಿಂದ ಅಲ್ಲಿ ಗೆಲ್ತಾ ಬಂದವರು. ಪರಿಚಯ ಪತ್ರದಲ್ಲಿ "ಆರನೇ ಬಾರಿ ಆಯ್ಕೆ" ಅಂತ ಮಾತ್ರ ಇದ್ರೆ ಆ 105 ಯಾರಿಗೂ ಕಾಣಲ್ಲ. ಇನ್ನು 2004ರ ಸಂತೇಮರಹಳ್ಳಿ ಎಲ್ಲರಿಗೂ ಗೊತ್ತಿರೋದೇ, ಆರ್. ಧ್ರುವನಾರಾಯಣ 40,752, ಎ.ಆರ್. ಕೃಷ್ಣಮೂರ್ತಿ 40,751. ಆ ಒಂದು ಮತದಲ್ಲಿ ಸೋತವರು 2023ರಲ್ಲಿ ಕೊಳ್ಳೇಗಾಲದಿಂದ ಗೆದ್ದು ವಿಧಾನಸಭೆಗೆ ಬಂದ್ರು. ಸಂತೇಮರಹಳ್ಳಿ ಕ್ಷೇತ್ರ ಈಗ ಇಲ್ಲ.

ಶೇಕಡಾ ಲೆಕ್ಕ ಹಾಕೋವಾಗ ಒಂದು ವಿಷಯ ನೆನಪಿಡಿ, ನೋಟಾ ಬಂದಿದ್ದು 2013ರ ಕೊನೇಲಿ, ಅಂದ್ರೆ 2013ರ ಮೇ ತಿಂಗಳ ನಮ್ಮ ವಿಧಾನಸಭಾ ಚುನಾವಣೇಲಿ ಅದು ಇರ್ಲಿಲ್ಲ, 2018ರ ಪಟ್ಟಿಲಿ ಇದೆ. ಠೇವಣಿ ಹೋಯ್ತಾ ಉಳೀತಾ ನೋಡೋಕೆ ಸಿಂಧುವಾದ ಮತದಲ್ಲಿ ಆರನೇ ಒಂದು ಭಾಗ ಬಂದಿದೆಯಾ ಅಂತ ನೋಡಿ, ನೋಟಾ ಆ ಲೆಕ್ಕಕ್ಕೆ ಸೇರಲ್ಲ. ಠೇವಣಿ ವಿಧಾನಸಭೆಗೆ 10,000 ರೂಪಾಯಿ, ಪರಿಶಿಷ್ಟ ಜಾತಿ ಪಂಗಡದ ಅಭ್ಯರ್ಥಿಗೆ 5,000.

"ಸತತ" ಅನ್ನೋ ಪದ ಕಂಡಲ್ಲೆಲ್ಲ ನಿಲ್ಲಿ. ಎಸ್. ಸುರೇಶ್ ಕುಮಾರ್ ರಾಜಾಜಿನಗರದಿಂದ 1994, 1999, 2008, 2013, 2018, 2023 ಆರು ಸಲ ಗೆದ್ದಿದಾರೆ, ಆದ್ರೆ 2004ರಲ್ಲಿ ಎನ್.ಎಲ್. ನರೇಂದ್ರಬಾಬು ಎದುರು ಸೋತಿದ್ರು. ಆರು ಸಲ ಅನ್ನೋದು ನಿಜ, ಸತತ ಅನ್ನೋದು ಕೊನೇ ನಾಲ್ಕಕ್ಕೆ ಮಾತ್ರ. ಸೋಲನ್ನ ಮುಚ್ಚಿಡೋ ಅವಶ್ಯಕತೆ ಇಲ್ಲ, ಸೋತು ಮತ್ತೆ ಅದೇ ಕ್ಷೇತ್ರದಲ್ಲಿ ನಿಂತು ಗೆಲ್ಲೋದು ನನ್ನ ಕಣ್ಣಿಗೆ ದೊಡ್ಡ ವಿಷಯಾನೇ.

ಪಕ್ಷದ ಕಾಲಂ ತುಂಬೋವಾಗ ಅವಸರ ಬೇಡ

ಒಬ್ಬರ ಹೆಸರ ಮುಂದೆ 1994ರಲ್ಲಿ ಜನತಾದಳ, 1999ರಲ್ಲಿ ಜೆಡಿಎಸ್ ಅಂತ ಇದ್ರೆ ಅವರು ಪಕ್ಷ ಬಿಟ್ಟಿದಾರೆ ಅಂತಲ್ಲ, 1999ರಲ್ಲಿ ಪಕ್ಷಾನೇ ಎರಡಾಯ್ತು, ಒಂದು ಜೆಡಿಎಸ್ ಇನ್ನೊಂದು ಜೆಡಿಯು. 2013ರ ಪಟ್ಟಿಲಿ ಯಡಿಯೂರಪ್ಪ ಬಿಜೆಪಿ ಬಿಟ್ಟು ಕಟ್ಟಿದ ಕೆಜೆಪಿ, ಶ್ರೀರಾಮುಲು ಕಟ್ಟಿದ ಬಿಎಸ್‌ಆರ್ ಕಾಂಗ್ರೆಸ್ ಅಂತ ಕಾಣತ್ತೆ, ಕೆಜೆಪಿ 6 ಸೀಟು, ಬಿಎಸ್‌ಆರ್ ಕಾಂಗ್ರೆಸ್ 4 ಸೀಟು ಗೆದ್ದಿದ್ವು, ಯಡಿಯೂರಪ್ಪ ಮತ್ತೆ ಶ್ರೀರಾಮುಲು ಬಿಜೆಪಿಗೆ ವಾಪಸ್ ಹೋದ ಮೇಲೆ ಆ ಹೆಸರುಗಳೇ ಇಲ್ಲ.

ನಿಜವಾದ ಪಕ್ಷಾಂತರ ಅಂದ್ರೆ ಐದು ವರ್ಷದ ಮಧ್ಯ ಬೈಎಲೆಕ್ಷನ್ ಸಾಲು ಬಂದಿರೋದು. 2008ರ ಕೊನೇಲಿ, ಬೇರೆ ಪಕ್ಷದ ಶಾಸಕರು ರಾಜೀನಾಮೆ ಕೊಟ್ಟು ಬಿಜೆಪಿಗೆ ಹೋಗಿ ಮತ್ತೆ ನಿಲ್ಲೋದಕ್ಕೆ ಆಪರೇಷನ್ ಕಮಲ ಅಂತ ಹೆಸರು ಬಂದ ಸಮಯದ ಬೈಎಲೆಕ್ಷನ್‌ಗಳು, ಆಮೇಲೆ 2019ರದ್ದು. 2019ರಲ್ಲಿ ಕಾಂಗ್ರೆಸ್ ಜೆಡಿಎಸ್‌ನ 17 ಶಾಸಕರನ್ನ ಸ್ಪೀಕರ್ ರಮೇಶ್ ಕುಮಾರ್ ಅನರ್ಹ ಮಾಡಿದ್ರು, ನವೆಂಬರ್ 13ಕ್ಕೆ ಸುಪ್ರೀಂ ಕೋರ್ಟ್ ಅನರ್ಹತೆ ಎತ್ತಿಹಿಡೀತು, ಆದ್ರೆ ವಿಧಾನಸಭೆ ಅವಧಿ ಮುಗಿಯೋವರೆಗೂ ನಿಲ್ಲಂಗಿಲ್ಲ ಅನ್ನೋ ಭಾಗ ತೆಗೆದುಹಾಕ್ತು. ಡಿಸೆಂಬರ್ 5ಕ್ಕೆ 15 ಕ್ಷೇತ್ರದಲ್ಲಿ ಬೈಎಲೆಕ್ಷನ್, ಬಿಜೆಪಿ 12 ಗೆಲ್ತು. ಬೆಂಗಳೂರಲ್ಲಿ ಕೆ.ಆರ್. ಪುರದಿಂದ ಬೈರತಿ ಬಸವರಾಜ್, ಯಶವಂತಪುರದಿಂದ ಎಸ್.ಟಿ. ಸೋಮಶೇಖರ್, ಮಹಾಲಕ್ಷ್ಮಿ ಲೇಔಟಿಂದ ಕೆ. ಗೋಪಾಲಯ್ಯ ಹೊಸ ಪಕ್ಷದಿಂದ ವಾಪಸ್ ಬಂದ್ರು, ಶಿವಾಜಿನಗರ ಮಾತ್ರ ರಿಜ್ವಾನ್ ಅರ್ಷದ್ ಮೂಲಕ ಕಾಂಗ್ರೆಸಲ್ಲೇ ಉಳೀತು. ರಾಜರಾಜೇಶ್ವರಿನಗರದ್ದು ಕೋರ್ಟ್ ಕೇಸಿಂದ ಮುಂದಕ್ಕೆ ಹೋಗಿ 2020ರ ನವೆಂಬರ್ 3ಕ್ಕೆ ಆಯ್ತು, ಮುನಿರತ್ನ ಈ ಸಲ ಬಿಜೆಪಿಯಿಂದ ಗೆದ್ರು. ಅದೇ ಕ್ಷೇತ್ರದ 2018ರ ಮತದಾನಾನೂ ಮುಂದಕ್ಕೆ ಹೋಗಿತ್ತು ನೋಡಿ, ಜಾಲಹಳ್ಳಿಯ ಫ್ಲಾಟ್ ಒಂದರಲ್ಲಿ ರಾಶಿ ವೋಟರ್ ಕಾರ್ಡ್ ಸಿಕ್ಕಿದ್ರಿಂದ ಮೇ 28ಕ್ಕೆ ಆಗಿದ್ದು.

ಇಂಥ ಸಾಲಲ್ಲಿ "ರಾಜೀನಾಮೆ" ಅಂತ ಬರೀಬೇಕಾ "ಅನರ್ಹತೆ" ಅಂತ ಬರೀಬೇಕಾ ಅನ್ನೋದನ್ನ ಸ್ಪೀಕರ್ ಆದೇಶ ನೋಡಿ ತೀರ್ಮಾನ ಮಾಡಿ. ಎರಡಕ್ಕೂ ತುಂಬಾ ವ್ಯತ್ಯಾಸ ಇದೆ, ಬೆಂಬಲಿಗರು ಒಂದು ಹೇಳ್ತಾರೆ, ವಿರೋಧಿಗಳು ಇನ್ನೊಂದು ಹೇಳ್ತಾರೆ.

ವಿಧಾನ ಪರಿಷತ್ತಿನ ಅವಧಿ ಇದ್ರೆ ಬೇರೆ ಬಣ್ಣದಲ್ಲಿ ಬರೀರಿ. ಅಲ್ಲಿ 75 ಜನ, ಅದರಲ್ಲಿ ಶಾಸಕರಿಂದ 25, ಸ್ಥಳೀಯ ಸಂಸ್ಥೆಗಳಿಂದ 25, ಪದವೀಧರರು 7, ಶಿಕ್ಷಕರು 7, ನಾಮಕರಣ 11. ಅಲ್ಲಿ ಪ್ರಾಶಸ್ತ್ಯದ ಮತ, ಅಂದ್ರೆ ಅಭ್ಯರ್ಥಿಗಳಿಗೆ 1, 2, 3 ಅಂತ ನಂಬರ್ ಕೊಡೋದು, ಹಂಗಾಗಿ ಅಂತರ ಹೋಲಿಸೋಕೆ ಬರಲ್ಲ.

ಅಫಿಡವಿಟ್, ಇಲ್ಲಿ ತಾಳ್ಮೆ ಬೇಕು

ನಾಮಪತ್ರದ ಜೊತೆ ಕೊಡೋ ಫಾರಂ 26 ಅಂದ್ರೆ ಒಬ್ಬ ಅಭ್ಯರ್ಥಿ ತನ್ನ ಬಗ್ಗೆ ತಾನೇ ಪ್ರಮಾಣ ಮಾಡಿ ಬರೆದುಕೊಟ್ಟಿರೋ ಕಾಗದ. ಇತ್ತೀಚಿನವು ಚುನಾವಣಾ ಆಯೋಗದ ಅಫಿಡವಿಟ್ ಪೋರ್ಟಲಲ್ಲಿ, ಹಳೇವು ಮೈನೇತಾ ಸೈಟಲ್ಲಿ ಸಿಗತ್ತೆ, 2008ರಿಂದ ಈಚೆಗೆ ನಾಲ್ಕೂ ಚುನಾವಣೇದು ಇಟ್ಕೊಂಡು ಪಕ್ಕಪಕ್ಕ ಹೋಲಿಸಿ. ಮೈನೇತಾದವರ ಸಾರಾಂಶ ಚೆನ್ನಾಗಿರತ್ತೆ, ಆದ್ರೂ ಮೂಲ ಪಿಡಿಎಫ್ ಓದಿ.

ಪೇಪರಲ್ಲಿ "ಐದು ವರ್ಷದಲ್ಲಿ ಆಸ್ತಿ ಇಷ್ಟು ಪಟ್ಟು" ಅಂತ ಹೆಡ್ಡಿಂಗ್ ಬರತ್ತಲ್ಲ, ಅದನ್ನ ನೋಡಿ ತಕ್ಷಣ ಕಳ್ಳ ಅಂತ ತೀರ್ಮಾನ ಮಾಡೋದು ನಂಗೆ ಸರಿ ಕಾಣಲ್ಲ. ಫಾರಂ 26ರಲ್ಲಿ ಪ್ರತಿ ಜಮೀನು, ಸೈಟು, ಕಟ್ಟಡಕ್ಕೂ ಕೊಂಡ ದಿನಾಂಕ, ಕೊಂಡಾಗಿನ ಬೆಲೆ, ಅದರ ಮೇಲೆ ಹಾಕಿದ ಖರ್ಚು, ಈಗಿನ ಅಂದಾಜು ಮಾರುಕಟ್ಟೆ ಬೆಲೆ ಅಂತ ಬೇರೆಬೇರೆ ಇರತ್ತೆ. ಸರ್ಜಾಪುರ ರೋಡಲ್ಲೋ ದೇವನಹಳ್ಳಿ ಕಡೆಯೋ ಇಪ್ಪತ್ತು ವರ್ಷದ ಹಿಂದೆ ತಗೊಂಡಿದ್ದ ಜಮೀನಿದ್ರೆ ಸುಮ್ಮನೆ ಕೂತಿದ್ರೂ ಅದರ ಬೆಲೆ ಏರಿರತ್ತೆ. ನೀವು ನೋಡ್ಬೇಕಾಗಿರೋದು ಎರಡು ಅಫಿಡವಿಟ್ ಮಧ್ಯದ ಐದು ವರ್ಷದಲ್ಲಿ ಹೊಸದಾಗಿ ಏನು ಕೊಂಡಿದಾರೆ, ಆ ದುಡ್ಡು ಅದೇ ಅಫಿಡವಿಟಲ್ಲಿರೋ ಐದು ವರ್ಷದ ಆದಾಯ ತೆರಿಗೆ ಲೆಕ್ಕಕ್ಕೂ ಸಾಲಕ್ಕೂ ಹೊಂದತ್ತಾ ಅಂತ. ನಾನು ಎರಡು ಹಾಳೆ ಮಾಡ್ಕೊಂಡೆ, ಒಂದರಲ್ಲಿ ಹಳೇ ಆಸ್ತಿ ಬೆಲೆ ಏರಿದ್ದು, ಇನ್ನೊಂದರಲ್ಲಿ ಹೊಸ ಖರೀದಿ. ಬೇರೆ ಮಾಡಿದ ಮೇಲೆ ಚಿತ್ರಾನೇ ಬದಲಾಯ್ತು. ಹಿಂದಿನ ಸಲ ಇದ್ದ ಆಸ್ತಿ ಈ ಸಲ ಇಲ್ಲ ಅಂದ್ರೆ ಅದನ್ನೂ ಗುರುತು ಹಾಕಿ, ಮಾರಿರಬೋದು, ಮಕ್ಕಳ ಹೆಸರಿಗೆ ಮಾಡಿರಬೋದು, ಮಕ್ಕಳು ಅವಲಂಬಿತರಲ್ಲದಿದ್ರೆ ಅವರ ಆಸ್ತಿ ತೋರಿಸ್ಬೇಕಾಗಿಲ್ಲ.

ಕೇಸುಗಳ ವಿಷಯದಲ್ಲಿ ಮೂರು ಹಂತ ಬೇರೆ ಮಾಡಿ ಬರೀರಿ, ಎಫ್‌ಐಆರ್ ಮಾತ್ರ ಆಗಿರೋದು, ಕೋರ್ಟ್ ಆರೋಪ ನಿಗದಿ ಮಾಡಿರೋದು, ಶಿಕ್ಷೆ ಆಗಿರೋದು. ಯಾವ ಸೆಕ್ಷನ್ ಅಂತಾನೂ ನೋಡಿ. 2022ರ ಜನವರಿಯ ಮೇಕೆದಾಟು ಪಾದಯಾತ್ರೆಯ ಕೋವಿಡ್ ನಿಯಮ ಉಲ್ಲಂಘನೆ ಕೇಸಿಗೂ, ಲಂಚದ ಕೇಸಿಗೂ, ಜಮೀನು ಕಬಳಿಕೆ ಕೇಸಿಗೂ ಒಂದೇ ನಂಬರ್ ಹಾಕಿ "ಒಟ್ಟು ಇಷ್ಟು ಕ್ರಿಮಿನಲ್ ಕೇಸ್" ಅಂತ ಬರೆದ್ರೆ ಅದು ಅನ್ಯಾಯ. ಅಫಿಡವಿಟಲ್ಲಿ ಕೇಸ್ ನಂಬರ್, ಕೋರ್ಟ್ ಹೆಸರು ಇರತ್ತೆ, ಇ-ಕೋರ್ಟ್ಸ್ ವೆಬ್‌ಸೈಟಲ್ಲಿ ಹಾಕಿ ಈಗ ಯಾವ ಹಂತದಲ್ಲಿದೆ ಅಂತ ನೋಡ್ಬೋದು. ಜನಪ್ರತಿನಿಧಿಗಳ ಕೇಸು ನಡೆಸೋ ವಿಶೇಷ ನ್ಯಾಯಾಲಯ ಬೆಂಗಳೂರಲ್ಲೇ ಇದೆ. 2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಬಂದಿದ್ರಿಂದ ಮುಂದಿನ ಅಫಿಡವಿಟುಗಳಲ್ಲಿ ಎರಡೂ ಥರದ ಸೆಕ್ಷನ್ ನಂಬರ್ ಸೇರ್ಕೊಂಡಿರತ್ತೆ, ಗಾಬರಿ ಆಗ್ಬೇಡಿ.

ಅಫಿಡವಿಟಲ್ಲಿ ಬರೆದಿದ್ದನ್ನ ಯಾರೂ ಮನೆಮನೆಗೆ ಹೋಗಿ ಪರಿಶೀಲಿಸಿ ಹಾಕಿರಲ್ಲ. ಸುಳ್ಳು ಬರೆದ್ರೆ ಜನಪ್ರತಿನಿಧಿ ಕಾಯ್ದೆ 125ಎ ಪ್ರಕಾರ ಆರು ತಿಂಗಳವರೆಗೆ ಶಿಕ್ಷೆ ಇಲ್ಲಾ ದಂಡ ಅಂತಿದೆ. ಹಂಗಾಗಿ ನಿಮ್ಮ ಹಾಳೇಲಿ "ಆಸ್ತಿ ಇಷ್ಟು" ಅಂತ ಬರೀಬೇಡಿ, "ಘೋಷಿಸಿದ ಆಸ್ತಿ ಇಷ್ಟು" ಅಂತ ಬರೀರಿ. ಅದಲ್ಲದೆ ಲೋಕಾಯುಕ್ತ ಕಾಯ್ದೆ ಪ್ರಕಾರ ಶಾಸಕರು ಪ್ರತಿ ವರ್ಷ ಜೂನ್ 30ರೊಳಗೆ ಆಸ್ತಿ ವಿವರ ಕೊಡ್ಬೇಕು, ಕೊಟ್ಟಿದಾರಾ ಇಲ್ವಾ ಅನ್ನೋದೂ ದಾಖಲೇನೇ.

ಚುನಾವಣಾ ಖರ್ಚಿನ ಲೆಕ್ಕಾನೂ ಇದೆ. 2023ಕ್ಕೆ ಮಿತಿ 40 ಲಕ್ಷ, ಫಲಿತಾಂಶ ಆದ 30 ದಿನದಲ್ಲಿ ಜಿಲ್ಲಾ ಚುನಾವಣಾಧಿಕಾರಿಗೆ ಕೊಡ್ಬೇಕು, ನಿಯಮದ ಪ್ರಕಾರ ಒಂದು ರೂಪಾಯಿ ಫೀ ಕಟ್ಟಿ ಯಾರು ಬೇಕಾದ್ರೂ ನೋಡ್ಬೋದು.

ಸದನದಲ್ಲಿ ಏನ್ ಮಾಡಿದ್ರು

ವೋಟು ಹಾಕಿದ್ದು ಸದನಕ್ಕೆ ಕಳ್ಸೋಕೆ, ಆದ್ರೆ ಹೆಚ್ಚಿನವರು ಈ ಭಾಗ ಬರೀಯೋದೇ ಇಲ್ಲ. ವಿಧಾನಸಭೆ ಸಚಿವಾಲಯದ ವೆಬ್‌ಸೈಟಲ್ಲಿ ನಡವಳಿಗಳು, ಪ್ರಶ್ನೋತ್ತರಗಳು ಇರತ್ತೆ. ಚುಕ್ಕೆ ಗುರುತಿನ ಪ್ರಶ್ನೆ ಅಂದ್ರೆ ಸಚಿವರು ಸದನದಲ್ಲಿ ಬಾಯಲ್ಲಿ ಉತ್ತರ ಕೊಡೋದು, ಅದರ ಮೇಲೆ ಉಪಪ್ರಶ್ನೆ ಕೇಳ್ಬೋದು, ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ ಅಷ್ಟೇ. ಇದರ ಜೊತೆ ಗಮನ ಸೆಳೆಯುವ ಸೂಚನೆ, ಶೂನ್ಯ ವೇಳೆ. ಯಾವ ವಿಷಯ ಕೇಳಿದಾರೆ ಅಂತ ಓದಿ, ಕೆರೆ ಒತ್ತುವರಿನಾ, ಕುಡಿಯೋ ನೀರಾ, ಎ ಖಾತಾ ಬಿ ಖಾತಾನಾ. ಬರೀ ಎಣಿಸ್ಬೇಡಿ. ಮಂತ್ರಿ ಆಗಿದ್ದಾಗ, ಸ್ಪೀಕರ್ ಆಗಿದ್ದಾಗ ಅವರು ಪ್ರಶ್ನೆ ಕೇಳಲ್ಲ, ಮಂತ್ರಿ ಉತ್ತರ ಕೊಡೋರು, ಸ್ಪೀಕರ್ ಸದನ ನಡೆಸೋರು, ಆ ಅವಧಿಲಿ ಸೊನ್ನೆ ಕಂಡ್ರೆ ಸೋಮಾರಿ ಅಂತಲ್ಲ. ನಾನು ಮೊದಲ ಪ್ರತಿಲಿ ಇದೇ ತಪ್ಪು ಮಾಡಿ ಆಮೇಲೆ ತಿದ್ದಿದೆ. ಸಮಿತಿಗಳನ್ನೂ ನೋಡಿ, ಸಾರ್ವಜನಿಕ ಲೆಕ್ಕಪತ್ರ ಸಮಿತಿ, ಅಂದಾಜುಗಳ ಸಮಿತಿ, ಭರವಸೆಗಳ ಸಮಿತಿ, ಟಿವಿಗೆ ಬರದ ಕೆಲಸ ನಡೆಯೋದು ಅಲ್ಲಿ.

ಕ್ಷೇತ್ರದ ಕೆಲಸದ ವಿಷಯಕ್ಕೆ ಬಂದ್ರೆ ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ, ದುಡ್ಡು ಹೋಗೋದು ಜಿಲ್ಲಾಧಿಕಾರಿ ಮೂಲಕ. ಬೆಂಗಳೂರು ನಗರ ಜಿಲ್ಲಾಧಿಕಾರಿ ಕಚೇರಿ ಕೆ.ಜಿ. ರೋಡಿನ ಕಂದಾಯ ಭವನದಲ್ಲಿದೆ. ಆರ್‌ಟಿಐ ಹಾಕೋವಾಗ ನಮ್ಮ ರಾಜ್ಯದ ನಿಯಮ ನೆನಪಿಡಿ, ಒಂದು ಅರ್ಜಿಲಿ ಒಂದೇ ವಿಷಯ, 150 ಪದದೊಳಗೆ, ಫೀ 10 ರೂಪಾಯಿ. "ಶಾಸಕರು ಮಾಡಿದ ಎಲ್ಲಾ ಕೆಲಸದ ವಿವರ ಕೊಡಿ" ಅಂತ ಬರೆದ್ರೆ ವಾಪಸ್ ಬರತ್ತೆ. "ಇಂಥ ಕ್ಷೇತ್ರಕ್ಕೆ ಇಂಥ ಆರ್ಥಿಕ ವರ್ಷದಲ್ಲಿ ಮಂಜೂರಾದ ಕಾಮಗಾರಿ ಹೆಸರು, ಮೊತ್ತ, ಬಿಡುಗಡೆಯಾದ ಹಣ, ಮುಗಿದ ದಿನಾಂಕ" ಅಂತ ನೆಟ್ಟಗೆ ಕೇಳಿ. 30 ದಿನದಲ್ಲಿ ಉತ್ತರ ಬರ್ಬೇಕು.

ಒಂದು ಮಾತು ಇಲ್ಲಿ ಹೇಳ್ಲೇಬೇಕು. ಬೆಂಗಳೂರು ಮಹಾನಗರ ಪಾಲಿಕೆಗೆ (ಬಿಬಿಎಂಪಿ) ಕೊನೇ ಎಲೆಕ್ಷನ್ ಆಗಿದ್ದು 2015ರಲ್ಲಿ, ಆ ಕಾರ್ಪೊರೇಟರ್‌ಗಳ ಅವಧಿ 2020ರ ಸೆಪ್ಟೆಂಬರಲ್ಲಿ ಮುಗೀತು. ಅಲ್ಲಿಂದ ಮೋರಿ, ಬೀದಿದೀಪ, ಪಾರ್ಕು ಎಲ್ಲದಕ್ಕೂ ಜನ ಎಂಎಲ್‌ಎ ಮನೆ ಬಾಗಿಲಿಗೇ ಹೋಗೋ ಅಭ್ಯಾಸ ಆಯ್ತು. 2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಐದು ಪಾಲಿಕೆ ಬಂದ್ವು. ಹಂಗಾಗಿ ಬೋರ್ಡಲ್ಲಿ ಶಾಸಕರ ಫೋಟೋ ಇದೆ ಅಂತ ಆ ಕೆಲಸಾನ ಅವರ ಖಾತೆಗೆ ಹಾಕ್ಬೇಡಿ, ದುಡ್ಡು ಶಾಸಕರ ನಿಧಿದಾ, ಪಾಲಿಕೆದಾ, ರಾಜ್ಯ ಸರ್ಕಾರದ ಅನುದಾನಾನಾ, ಜಲಮಂಡಳಿದಾ ಅಂತ ಟೆಂಡರ್ ಕಾಗದದಲ್ಲಿ ನೋಡಿ ಬರೀರಿ. ಹಂಗೇ ಗುಂಡಿ ಮುಚ್ಚಿಲ್ಲ ಅಂತ ಪೂರ್ತಿ ಅವರ ತಲೆಗೇ ಕಟ್ಟೋದೂ ಸರಿಯಲ್ಲ.

ಬರೆದ ಮೇಲೆ

ಡೌನ್‌ಲೋಡ್ ಮಾಡಿದ ಪ್ರತಿ ಪಿಡಿಎಫ್‌ಗೂ ದಿನಾಂಕ ಸೇರಿಸಿ ಹೆಸರಿಡಿ, ಸರ್ಕಾರಿ ವೆಬ್‌ಸೈಟ್ ವಿಳಾಸ ಬದಲಾಗ್ತಾನೇ ಇರತ್ತೆ, ಇವತ್ತು ಸಿಕ್ಕಿದ್ದು ಆರು ತಿಂಗಳಿಗೆ ಸಿಗಲ್ಲ. ಹಾಳೇಲಿ ಪ್ರತಿ ಸಾಲಿನ ಪಕ್ಕ ಯಾವ ಕಾಗದದಿಂದ ತಗೊಂಡಿದ್ದು ಅಂತ ಚಿಕ್ಕದಾಗಿ ಬರೀರಿ. ಕಾಗದ ಇಲ್ಲದ ಸಾಲು, ಎಷ್ಟೇ ಚೆನ್ನಾಗಿದ್ರೂ, ಹೊಡೆದುಹಾಕಿ.

ಆಮೇಲೆ ನಾನು ಒಂದು ಕೆಲಸ ಮಾಡಿದೆ, ನೀವೂ ಮಾಡಿ. ಹಂಚೋಕೆ ಮುಂಚೆ ಆ ಹಾಳೆ ತಗೊಂಡು ಮೇಷ್ಟ್ರ ಜೊತೆ ಶಾಸಕರ ಕಚೇರಿಗೆ ಹೋದೆ. ಬೆಳಗ್ಗೆ ಹೊತ್ತು, ಹೊರಗೆ ಪಿಂಚಣಿ, ಆಸ್ಪತ್ರೆ ಚೀಟಿ ಅಂತ ಜನ ಕೂತಿದ್ರು. "ಸಾರ್, ಇದು ನಾವು ಬರ್ದಿರೋದು, ಎಲ್ಲಾದ್ರೂ ತಪ್ಪಿದ್ರೆ ಕಾಗದ ತೋರ್ಸಿ, ತಿದ್ಕೋತೀವಿ" ಅಂತ ಅವರ ಆಪ್ತ ಸಹಾಯಕರ ಕೈಗೆ ಕೊಟ್ವಿ. ಅವರು ಸೋತ ವರ್ಷದ ಸಾಲು ನೋಡಿ ಸ್ವಲ್ಪ ಹೊತ್ತು ಸುಮ್ನಿದ್ರು. ಒಳಗೆ ಹೋಗಿ ಬಂದು ಒಂದು ಕೇಸ್ ಖುಲಾಸೆ ಆಗಿರೋ ಕೋರ್ಟ್ ಆದೇಶದ ಜೆರಾಕ್ಸ್ ಕೊಟ್ರು, ನಾನು ಅದನ್ನ ಇನ್ನೂ ಬಾಕಿ ಅಂತ ಬರ್ದಿದ್ದೆ. ಅಲ್ಲೇ ಬೆಂಚ್ ಮೇಲೆ ಕೂತು ಆ ಸಾಲು ತಿದ್ದಿದೆ. ಸೋತ ವರ್ಷದ ಸಾಲು ಹಂಗೇ ಉಳೀತು, ಅದರ ಬಗ್ಗೆ ಅವರೇನೂ ಹೇಳ್ಲಿಲ್ಲ. ಮುಂದಿನ ಭಾನುವಾರ ಮೀಟಿಂಗಿಗೆ ಹಾಳೆಯ 40 ಪ್ರತಿ ತಗೊಂಡು ಹೋದ್ವಿ.